ಬ್ಯಾಂಕಾಕಿನ ಮಸಾಜು: ಒಂದು ಗಂಟೆಯದು ಬೇಡ, ಎರಡು ಗಂಟೆಯದು ಇರಲಿ

ಬ್ಯಾಂಕಾಕಿನ ಯಾವ ಬೀದಿಗೆ ಹೋದರೂ ಮಸಾಜ್ ಅಂಗಡಿಯ ಬೋರ್ಡಿನಲ್ಲಿ ಹೆಚ್ಚುಕಡಿಮೆ ಇವೇ ನಾಲ್ಕು ಸಾಲು: ಥಾಯ್ ಮಸಾಜ್, ಫುಟ್ ಮಸಾಜ್, ಆಯಿಲ್ ಮಸಾಜ್, ಹರ್ಬಲ್ ಕಂಪ್ರೆಸ್. ಹೋಟೆಲಿನ ಸ್ಪಾ ಪ್ಯಾಕೇಜು ಐದನೆಯದು. ಐದನ್ನೂ ಮಾಡಿಸಿಕೊಂಡು ನೋಡಿದ ಮೇಲೆ ನನ್ನ ದುಡ್ಡು ಹೋಗುವುದು ಬೀದಿಬದಿಯ ಸಾಧಾರಣ ಅಂಗಡಿಯ ಎರಡು ಗಂಟೆಯ ಥಾಯ್ ಮಸಾಜಿಗೆ. ಒಂದು ಗಂಟೆಯ ಥಾಯ್ ಮಸಾಜನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಹೊಸಬರು ಮೊದಲು ಕೈಯಿಡುವುದು ಅದಕ್ಕೇ, ನಿರಾಸೆಯಾಗುವುದೂ ಅಲ್ಲೇ.

ಕಾರಣ ಆ ವಿದ್ಯೆಯ ಕ್ರಮದಲ್ಲೇ ಇದೆ. ಇದಕ್ಕೆ ಎಣ್ಣೆ ಇಲ್ಲ. ಸಡಿಲ ಪೈಜಾಮ, ಅಂಗಿ ಕೊಟ್ಟು ನೆಲದ ಹಾಸಿಗೆಯ ಮೇಲೆ ಮಲಗಿಸುತ್ತಾರೆ. ದೇಹದಲ್ಲಿ ಹತ್ತು ಮುಖ್ಯ ‘ಸೆನ್’, ಅಂದರೆ ನಾಡಿಯಂಥ ಗೆರೆಗಳಿವೆ, ಒತ್ತಬೇಕಾದದ್ದು ಅವುಗಳ ಮೇಲೆ ಎಂಬುದು ಅವರ ಲೆಕ್ಕ. ಮೊದಲ ಮೂರರ ಹೆಸರು ಇತ್ಥಾ, ಪಿಂಗಲಾ, ಸುಮನಾ. ನಮ್ಮ ಇಡಾ, ಪಿಂಗಳಾ, ಸುಷುಮ್ನಾಗಳೇ. ಬೋರ್ಡಿನ ಮೇಲೆ ಬರೆಯುವ ‘ನುವಾದ್ ಬೋರಾನ್’ ಎಂಬುದರಲ್ಲಿ ಬೋರಾನ್ ಎಂದರೆ ನಮ್ಮ ‘ಪುರಾಣ’, ಹಳೆಯದು ಎಂದರ್ಥ. 19ನೇ ಶತಮಾನದಲ್ಲಿ ಮೂರನೆಯ ರಾಮ ದೊರೆ ವಾಟ್ ಫೋ ದೇವಾಲಯದ ಗೋಡೆಗಳಿಗೆ ಕಲ್ಲಿನ ಫಲಕ ಕೂರಿಸಿ ಈ ಗೆರೆಗಳನ್ನು ಕೆತ್ತಿಸಿದ. ಇಂದಿಗೂ ಹೋಗಿ ನೋಡಬಹುದು. 2019ರಲ್ಲಿ ಯುನೆಸ್ಕೋ ಥಾಯ್ ಮಸಾಜನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ತೊಡಕಿಗೆ ಬರೋಣ. ಕೆಲಸ ಶುರುವಾಗುವುದು ಅಂಗಾಲಿನಿಂದ. ಪಾದ, ಹಿಮ್ಮಡಿ, ಮೀನಖಂಡ, ತೊಡೆ. ಒಳಗಿನ ಗೆರೆ, ಹೊರಗಿನ ಗೆರೆ. ಆಮೇಲೆ ಕಾಲು ಮಡಚಿ ಎಳೆಯುವುದು. ಒಂದು ಕಾಲಿಗೆ ಹದಿನೈದು, ಇಪ್ಪತ್ತು ನಿಮಿಷ. ಇನ್ನೊಂದು ಕಾಲಿಗೂ ಅಷ್ಟೇ. ಅದಾದ ಮೇಲೆ ಕೈ, ಆಮೇಲೆ ಬೋರಲು ಮಲಗಿಸಿ ಬೆನ್ನು, ಕೊನೆಗೆ ಕೂರಿಸಿ ಹೆಗಲು, ಕತ್ತು, ತಲೆ. ಅರವತ್ತು ನಿಮಿಷದಲ್ಲಿ ಕಾಲುಗಳಿಗೇ ಮೂವತ್ತೈದು, ನಲವತ್ತು ನಿಮಿಷ ಕಳೆದಿರುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕತ್ತು, ಹೆಗಲು ಹಿಡಿದುಕೊಂಡ ಬೆಂಗಳೂರಿನವರು ಬಂದದ್ದೇ ಬೆನ್ನಿಗಾಗಿ. ಅವರ ಬೆನ್ನಿಗೆ ಸಿಗುವುದು ಹತ್ತು ನಿಮಿಷ, ಕತ್ತಿಗೆ ಐದು.

ಹೊತ್ತು ಕಡಿಮೆ ಸಿಕ್ಕಿತು ಎಂಬಲ್ಲಿಗೆ ಇದು ಮುಗಿಯುವುದಿಲ್ಲ. ಸರಿಯಾದ ಪದ್ಧತಿಯಲ್ಲಿ ಒಂದು ಗೆರೆಯ ಮೇಲೆ ಮೊದಲು ಅಂಗೈ, ಆಮೇಲೆ ಹೆಬ್ಬೆರಳು, ಮತ್ತೆ ಅಂಗೈ. ಅಂಗೈ ಸ್ನಾಯುವನ್ನು ಬೆಚ್ಚಗೆ ಮಾಡಿ ಸಡಿಲಿಸುತ್ತದೆ, ಹೆಬ್ಬೆರಳು ಒಳಗೆ ಇಳಿಯುತ್ತದೆ, ಕೊನೆಯ ಅಂಗೈ ನೋವನ್ನು ಹರಡಿ ಶಮನ ಮಾಡುತ್ತದೆ. ಹೊತ್ತಿಲ್ಲದಾಗ ಮೊದಲ ಹಂತ ಬಿಟ್ಟುಹೋಗಿ, ಬೆನ್ನಿಗೆ ನೇರವಾಗಿ ಮೊಣಕೈ ಬೀಳುತ್ತದೆ. ಸಡಿಲವಾಗದ ಸ್ನಾಯು ಒತ್ತಡಕ್ಕೆ ಎದುರಾಗಿ ಬಿಗಿಯುತ್ತದೆ. ಮರುದಿನ ಬೆಳಿಗ್ಗೆ ಭುಜದ ಮೂಳೆಯ ಪಕ್ಕ ಮುಟ್ಟಿದರೆ ನೋವು. ‘ಥಾಯ್ ಮಸಾಜ್ ನಮಗೆ ಆಗಿಬರಲಿಲ್ಲ’ ಎನ್ನುವವರಲ್ಲಿ ಬಹಳ ಮಂದಿಗೆ ಆಗಿರುವುದು ಇದೇ.

ಎರಡು ಗಂಟೆ ತೆಗೆದುಕೊಂಡರೆ ಬೆನ್ನಿಗೆ ಮೂವತ್ತು ನಿಮಿಷ ಆರಾಮಾಗಿ ಸಿಗುತ್ತದೆ, ಕತ್ತು, ತಲೆಗೆ ಇನ್ನೊಂದು ಇಪ್ಪತ್ತು. ಬೀದಿಯ ಅಂಗಡಿಯಲ್ಲಿ ಗಂಟೆಗೆ ಸುಮಾರು 250ರಿಂದ 400 ಬಾಟ್, ಎರಡಕ್ಕೆ ಅನೇಕ ಕಡೆ ಅದರ ಇಮ್ಮಡಿಗಿಂತ ಒಂದಿಷ್ಟು ಕಡಿಮೆ. ಬಾಟಿಗೆ ಎರಡೂವರೆಯಿಂದ ಮೂರು ರೂಪಾಯಿ ಎಂದಿಟ್ಟುಕೊಳ್ಳಿ. ಒಂದೇ ಗಂಟೆ ಇದ್ದರೆ ಬೋರ್ಡಿನಲ್ಲಿ ಬೆನ್ನು, ಕತ್ತು, ಹೆಗಲಿನದು ಎಂದು ಬೇರೆ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಪಾದ ತೊಳೆಯುವ ಹೊತ್ತಿಗೇ ಬೆನ್ನು ಮುಟ್ಟಿ ತೋರಿಸಿ ‘ಲಂಗ್’, ಹೆಗಲು ತೋರಿಸಿ ‘ಬಾ’ ಎನ್ನಿ. ಕಾಲು ಶುರುವಾದ ಮೇಲೆ ಹೇಳಿದರೆ ಕ್ರಮ ತಪ್ಪಿ ಎರಡೂ ಕೆಡುತ್ತವೆ.

ಇನ್ನೂ ಮೂರು ಮಾತು ಕಲಿತಿದ್ದರೆ ಸಾಕು. ‘ಬಾವ್ ಬಾವ್’ ಎಂದರೆ ಮೆಲ್ಲಗೆ, ‘ನಕ್’ ಎಂದರೆ ಜೋರಾಗಿ, ‘ಜೆಪ್’ ಎಂದರೆ ನೋಯುತ್ತಿದೆ. ಹೆಂಗಸರು ಮಾತಿನ ಕೊನೆಗೆ ‘ಖಾ’, ಗಂಡಸರು ‘ಖ್ರಪ್’ ಸೇರಿಸಿದರೆ ಮರ್ಯಾದೆ. ಹಲ್ಲು ಕಚ್ಚಿ ಸುಮ್ಮನಿರುವವರಿಗೆ ಒತ್ತು ಹೆಚ್ಚುತ್ತಲೇ ಹೋಗುತ್ತದೆ, ಏಕೆಂದರೆ ಮೌನವನ್ನು ಅವರು ಒಪ್ಪಿಗೆ ಎಂದೇ ತಿಳಿಯುತ್ತಾರೆ. ಕತ್ತಿಗೆ ನೆಟಿಗೆ ತೆಗೆಯಲು ಬಂದರೆ ಬೇಡ ಎನ್ನಿ, ಅದರಿಂದ ಸಿಗುವ ಹಿತ ಅಪಾಯಕ್ಕೆ ತಕ್ಕದ್ದಲ್ಲ.

ತೊಡೆಸಂದಿನ ರಕ್ತನಾಳವನ್ನು ಅಂಗೈಯಿಂದ ಅರ್ಧ ನಿಮಿಷದಷ್ಟು ಅದುಮಿ ಬಿಡುವ ಪಟ್ಟೊಂದಿದೆ, ಗಾಳಿಯ ಬಾಗಿಲು ತೆರೆಯುವುದು ಎನ್ನುತ್ತಾರೆ. ಬಿಟ್ಟೊಡನೆ ಕಾಲಿಗೆ ಬಿಸಿ ಹರಿಯುತ್ತದೆ. ಬಿಪಿ, ಹೃದಯದ ತೊಂದರೆ, ಉಬ್ಬಿದ ರಕ್ತನಾಳ ಇರುವವರಿಗೆ ಇದು ಕೂಡದು, ಮೊದಲೇ ಹೇಳಬೇಕು. ವಿಮಾನದಿಂದ ಇಳಿದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಮಸಾಜಿಗೆ ಹೋಗಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಮೊದಲು ಆಸ್ಪತ್ರೆ. ಗರ್ಭಿಣಿಯರು, ಮೂಳೆ ಸವೆದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಊರಲ್ಲೇ ಡಾಕ್ಟರನ್ನು ಕೇಳಿಕೊಂಡು ಹೊರಡುವುದು ಒಳ್ಳೆಯದು. ಊಟವಾಗಿ ಎರಡು ಗಂಟೆ ಕಳೆದಿರಲಿ, ಬೋರಲು ಮಲಗಿಸಿ ಬೆನ್ನು ಒತ್ತುವಾಗ ತಿಂದದ್ದೆಲ್ಲ ಗಂಟಲಿಗೆ ಬರುತ್ತದೆ.

ಫುಟ್ ಮಸಾಜ್: ಬಂದಿಳಿದ ಸಂಜೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಒರಗು ಕುರ್ಚಿ, ಮಂಡಿಯವರೆಗೆ ಕ್ರೀಮು, ಅಂಗಾಲಿಗೆ ಸಣ್ಣ ಮರದ ಕಡ್ಡಿ, ಬಟ್ಟೆ ಬದಲಿಸುವ ರಗಳೆಯಿಲ್ಲ. ಇಲ್ಲಿ ಒಂದು ಗಂಟೆ ಧಾರಾಳ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಕಡ್ಡಿ ಬೇಡ ಎನ್ನಬೇಕು, ಚರ್ಮ ಕಿತ್ತರೂ ಅವರಿಗೆ ಗೊತ್ತಾಗುವುದಿಲ್ಲ.

ಆಯಿಲ್ ಮಸಾಜ್ ನಮ್ಮ ಅಭ್ಯಂಜನ ಕಂಡವರಿಗೆ ಸಪ್ಪೆ. ಎಣ್ಣೆ ಚರ್ಮದ ಮೇಲೆ ಜಾರುತ್ತದೆ, ಗೆರೆಗೆ ಇಳಿಯುವುದಿಲ್ಲ. ಎಳೆತ, ಮಡಚುವಿಕೆ ಬೇಡ ಎನ್ನುವವರಿಗೆ ಸರಿ.

ಹರ್ಬಲ್ ಕಂಪ್ರೆಸ್ ಅನ್ನು ಬಿಡಿಯಾಗಿ ತೆಗೆದುಕೊಳ್ಳುವುದಕ್ಕಿಂತ ಥಾಯ್ ಮಸಾಜಿನ ಕೊನೆಯ ಅರ್ಧ ಗಂಟೆಗೆ ಸೇರಿಸಿಕೊಳ್ಳಿ. ಬಟ್ಟೆಯ ಗಂಟಿನೊಳಗೆ ಪ್ಲಾಯ್ ಎಂಬ ಶುಂಠಿ ಜಾತಿಯ ಗಡ್ಡೆ, ಅರಿಶಿನ, ನಿಂಬೆಹುಲ್ಲು, ಹುಣಸೆ ಎಲೆ, ಉಪ್ಪು, ಕರ್ಪೂರ. ಜೊತೆಗೆ ಅವರು ಸೋಂಪೊಯ್ ಎನ್ನುವ ಎಲೆ, ಅದು ನಮ್ಮ ಸೀಗೆಯೇ. ಹದಿನೈದು, ಇಪ್ಪತ್ತು ನಿಮಿಷ ಹಬೆಯಲ್ಲಿಟ್ಟು ಎರಡು ಗಂಟುಗಳನ್ನು ಸರದಿಯಲ್ಲಿ ಒತ್ತುತ್ತಾರೆ. ಬಲ್ಲವರು ಮೊದಲು ತಮ್ಮ ಕೈಗೆ ಮುಟ್ಟಿಸಿಕೊಂಡು ಬಿಸಿ ನೋಡುತ್ತಾರೆ. ಗಂಟು ಹೊಸದೇ ಎಂದು ಕೇಳಿ, ಮುಗಿದ ಮೇಲೆ ಒಯ್ಯಬಹುದೇ ಎಂದೂ ಕೇಳಿ. ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಮತ್ತೆ ಹಬೆ ಹಿಡಿಸಬಹುದು. ಬಿಳಿ ಬಟ್ಟೆ ಹಾಕಿಕೊಂಡು ಹೋದರೆ ಅರಿಶಿನದ ಕಲೆ ಖಚಿತ. ಉಳುಕಿದ ದಿನವೇ ಇದು ಬೇಡ, ಬಿಸಿ ತಾಗಿ ಊತ ಹೆಚ್ಚುತ್ತದೆ.

ಹೋಟೆಲಿನ ಸ್ಪಾದಲ್ಲಿ ಶಾಂತಿ, ಸ್ವಂತ ಕೋಣೆ, ಒಳ್ಳೆಯ ಸ್ನಾನಗೃಹ ಎಲ್ಲವೂ ಇವೆ. ಆದರೆ ಮೂರು ಗಂಟೆಯ ಪ್ಯಾಕೇಜು ಬಿಡಿಸಿ ನೋಡಿ: ಸ್ಕ್ರಬ್ಬು, ಹೂವಿನ ನೀರಿನ ಸ್ನಾನ, ಮೈಗೆ ಲೇಪ, ಉಳಿದ ಒಂದು ಗಂಟೆ ಮಸಾಜು. ದರದ ಮುಂದೆ ಎರಡು ಪ್ಲಸ್ ಗುರುತಿದ್ದರೆ ಶೇ. 10 ಸೇವಾ ಶುಲ್ಕ, ಅದರ ಮೇಲೆ ಶೇ. 7 ತೆರಿಗೆ. 2,000 ಬಾಟ್ ಎಂದದ್ದು ಬಿಲ್ಲಿನಲ್ಲಿ 2,354 ಆಗುತ್ತದೆ. ಮದುವೆಯ ದಿನದ ನೆನಪಿಗೆ, ಜೋಡಿಯಾಗಿ ಹೋಗುವುದಾದರೆ ಸರಿ. ಹಿಡಿದುಕೊಂಡ ಬೆನ್ನಿಗೆ ನಾನು ಅಷ್ಟು ಕೊಡುವುದಿಲ್ಲ.

ವಾಟ್ ಫೋ ಆವರಣದೊಳಗೇ ಮಸಾಜ್ ಮಂಟಪಗಳಿವೆ. ಒತ್ತುವ ಕೈ ಪಳಗಿದ್ದು, ಕ್ರಮ ಅಚ್ಚುಕಟ್ಟು. ಆದರೆ ಸಾಲು ಹಾಸಿಗೆ, ಏಕಾಂತ ಇಲ್ಲ, ದೇವಾಲಯದ ಟಿಕೆಟ್ ಬೇರೆ, ಮಧ್ಯಾಹ್ನ ಸರದಿ ಉದ್ದ. ಬಾಗಿಲು ತೆರೆದ ಹೊತ್ತಿಗೇ ಹೋಗಿ ಮೊದಲು ಹೆಸರು ಬರೆಸಿ, ಆಮೇಲೆ ಮಲಗಿದ ಬುದ್ಧನನ್ನು ನೋಡಿ ಬನ್ನಿ.

ಅಂಗಡಿ ಆರಿಸುವಾಗ ಗೋಡೆಯ ಮೇಲೆ ಆರೋಗ್ಯ ಇಲಾಖೆಯ ಪರವಾನಗಿ ಇದೆಯೇ, ಹಾಸಿಗೆಯ ಬಟ್ಟೆ ಪ್ರತಿಯೊಬ್ಬರಿಗೂ ಬದಲಾಗುತ್ತದೆಯೇ ನೋಡುತ್ತೇನೆ. ಮೂರು ರಾತ್ರಿಯ ಪ್ರವಾಸಕ್ಕೆ ನನ್ನ ಲೆಕ್ಕ ಹೀಗೆ: ಇಳಿದ ಸಂಜೆ ಪಾದಕ್ಕೆ ಒಂದು ಗಂಟೆ, ಎರಡನೆಯ ಸಂಜೆ ಎರಡು ಗಂಟೆಯ ಥಾಯ್ ಮಸಾಜು, ಹೊರಡುವ ದಿನ ಏನೂ ಇಲ್ಲ. ಒತ್ತಿಸಿಕೊಂಡ ಮೈಯನ್ನು ಅಂದೇ ವಿಮಾನದ ಇಕ್ಕಟ್ಟಿನ ಸೀಟಿಗೆ ತುರುಕಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ಎರಡು ಗಂಟೆ ದುಡಿದವರಿಗೆ 100 ಬಾಟ್ ಟಿಪ್ಸನ್ನು ಗಲ್ಲಾದಲ್ಲಿ ಕೊಡಬೇಡಿ, ಅವರ ಕೈಗೇ ಕೊಡಿ.