ಬೆಕ್ಕಿನ ಹೊಸ ಬಟ್ಟಲು: ನೆಲ ಒರೆಸುವ ಕೆಲಸ ಅರ್ಧ ಆಯ್ತು

ನಮ್ಮ ಬೆಕ್ಕು ಊಟ ಮುಗಿಸಿದ ಜಾಗ ಕೋಳಿ ಕೆದಕಿದ ಹಾಗೆ ಇರುತ್ತಿತ್ತು. ಒಣ ಬೆಕ್ಕಿನ ಆಹಾರದ ಒಂದೊಂದೇ ಕಾಳನ್ನು ಪಂಜದಿಂದ ಎಳೆದು ನೆಲಕ್ಕೆ ಹಾಕಿಕೊಂಡೇ ತಿನ್ನಬೇಕು. ಸುಮ್ನೆ ತುಂಟತನ ಅಂದುಕೊಂಡಿದ್ದೆ. ಒಂದು ದಿನ ಪಕ್ಕದಲ್ಲೇ ಕೂತು ನೋಡಿದೆ: ಹಳೇ ಪ್ಲಾಸ್ಟಿಕ್ ಬಟ್ಟಲು ಆಳ ಜಾಸ್ತಿ, ಬಾಯಿ ಕಿರಿದು, ತಲೆ ತಗ್ಗಿಸಿದರೆ ಮೀಸೆ ಎರಡೂ ಕಡೆ ಅಂಚಿಗೆ ಒತ್ತುತ್ತಿತ್ತು, ಮೇಲಾಗಿ ಹಗುರ ಬೇರೆ, ಮೂತಿ ತಾಗಿದರೆ ಸಾಕು ಗೋಡೆವರೆಗೂ ಜಾರುತ್ತಿತ್ತು.

ಈಗ ತಂದಿರುವುದು ಅಗಲವಾದ, ಆಳವಿಲ್ಲದ ಪಿಂಗಾಣಿ ಬಟ್ಟಲು. ಅಂಚು ಸ್ವಲ್ಪ ಒಳಗೆ ಬಾಗಿದೆ, ಹಾಗಾಗಿ ಕಾಳು ತಳ್ಳಿದರೂ ವಾಪಸ್ ಬೀಳುತ್ತದೆ. ಭಾರ ಇದೆ, ಅಲ್ಲಾಡುವುದಿಲ್ಲ. ತೊಳೆಯುವುದೂ ಸುಲಭ. ಪ್ಲಾಸ್ಟಿಕ್ ಆದರೆ ಗೀರು ಬಿದ್ದಲ್ಲೆಲ್ಲಾ ಜಿಡ್ಡು ಕೂತು ವಾಸನೆ ಬರುತ್ತದೆ, ಅಲ್ವಾ.

ದೂರು ಒಂದೇ. ಕೈಜಾರಿದರೆ ಕಥೆ ಮುಗಿಯಿತು, ಅಂಚು ಆಗಲೇ ಒಂದು ಕಡೆ ಚೂರು ಎದ್ದಿದೆ. ಗ್ರೇವಿ ಊಟ ಹಾಕಿದರೆ ಈಗಲೂ ಗೋಡೆಗೆ ಚುಕ್ಕಿ ಬೀಳುತ್ತದೆ, ತಲೆ ಒದರಿ ತಿನ್ನುವ ಬೆಕ್ಕಿಗೆ ಯಾವ ಬಟ್ಟಲು ತಾನೇ ಏನು ಮಾಡೀತು! ಕೆಳಗೆ ರಬ್ಬರ್ ಮ್ಯಾಟ್ ಹಾಸಿದ್ದೇನೆ. ಪರ್ಷಿಯನ್ ಥರ ಚಪ್ಪಟೆ ಮುಖದ ಬೆಕ್ಕಿದ್ದರೆ ಇನ್ನೂ ಆಳ ಕಡಿಮೆ ಇರುವುದನ್ನೇ ತಗೊಳ್ಳಿ.