ಐಗರ್ ನೋಡಲು ಯಾವ ದಾರಿ? ಗ್ರಿಂಡೆಲ್‌ವಾಲ್ಡ್ ಸುತ್ತಲಿನ ಮೂರು ಬೆಟ್ಟದ ನಡಿಗೆಗಳ ಹೋಲಿಕೆ

ಜೂನ್ ಬಂತೆಂದರೆ ಜ್ಯೂರಿಕ್ ಕಡೆಯ ಕನ್ನಡದ ಗೆಳೆಯರು ಕೇಳುವ ಪ್ರಶ್ನೆ ಒಂದೇ. ಶನಿವಾರ, ಭಾನುವಾರ ಬಿಡುವಿದೆ, ಸ್ವಿಟ್ಜರ್‌ಲೆಂಡಿನ ಐಗರ್ ಶಿಖರ ಕಾಣುವ ಹಾಗೆ ಎಲ್ಲಾದರೂ ನಡೆಯಬೇಕು, ಎಲ್ಲಿಗೆ ಹೋಗೋಣ? ಅದರ ಬುಡದ ಊರು ಗ್ರಿಂಡೆಲ್‌ವಾಲ್ಡ್ ಸುತ್ತ ಜನ ಹೆಚ್ಚಾಗಿ ಹೆಸರು ಹೇಳುವುದು ಮೂರು ದಾರಿಗಳದ್ದು. ಮೆನ್‌ಲಿಖನ್‌ನಿಂದ ಕ್ಲೈನೆ ಶೈಡೆಗ್‌ಗೆ ಹೋಗುವ ಪನೋರಮಾ ದಾರಿ, ಐಗರಿನ ಕಡಿದಾದ ಬಂಡೆಗೋಡೆಯ ಬುಡದಲ್ಲೇ ಸಾಗುವ ಐಗರ್ ಟ್ರೇಲ್, ಮತ್ತೆ ಶೀನಿಗೆ ಪ್ಲಾಟ್ಟೆಯಿಂದ ಹೊರಟು ಫೌಲ್‌ಹಾರ್ನ್ ಹತ್ತಿ ಫಿರ್ಸ್ಟ್‌ಗೆ ಇಳಿಯುವ ಉದ್ದದ ದಾರಿ. ಮೂರನ್ನೂ ನಡೆದು ನೋಡಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಐಗರನ್ನು ಪೂರ್ತಿಯಾಗಿ ನೋಡಬೇಕು ಅಂದರೆ ಅದರ ಹತ್ತಿರ ಹೋಗಬೇಡಿ. ಕಣಿವೆಯ ಆಚೆ ಬದಿಗೆ ಹೋಗಿ. ಅಂದರೆ ಫೌಲ್‌ಹಾರ್ನ್. ಸಾಧ್ಯವಾದರೆ ರಾತ್ರಿ ಅಲ್ಲೇ ಉಳಿಯಿರಿ.

ಆದರೆ ಎಲ್ಲರಿಗೂ ಅದು ಆಗುವುದಿಲ್ಲ. ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ, ಚಿಕ್ಕ ಮಕ್ಕಳಿದ್ದರೆ, ಯೋಚನೆಯೇ ಬೇಡ, ಮೆನ್‌ಲಿಖನ್‌ಗೆ ಹೋಗಿ. ತಂತಿಯ ಮೇಲೆ ಸಾಗುವ ಗೊಂಡೋಲ 2225 ಮೀಟರ್ ಎತ್ತರಕ್ಕೆ ತಂದು ಬಿಡುತ್ತದೆ. ಅಲ್ಲಿಂದ 2061 ಮೀಟರ್‌ನ ಕ್ಲೈನೆ ಶೈಡೆಗ್‌ಗೆ ನಿಧಾನವಾದ ಇಳಿಜಾರು. ಸುಮಾರು ನಾಲ್ಕೂವರೆ ಕಿಲೋಮೀಟರಿನಲ್ಲಿ ಮುಗಿಯುತ್ತದೆ, ಒಂದೂವರೆ ಗಂಟೆ ಸಾಕು. ಜಲ್ಲಿ ಹಾಸಿದ ಅಗಲ ದಾರಿ, ಮಂಡಿನೋವಿನ ನನ್ನ ಅಮ್ಮ ಮಾಮೂಲಿ ಸ್ಪೋರ್ಟ್ಸ್ ಶೂ ಹಾಕಿಕೊಂಡೇ ಆರಾಮಾಗಿ ನಡೆದರು. ಐಗರ್, ಮೋಂಖ್, ಯುಂಗ್‌ಫ್ರಾವ್ ಮೂರೂ ಶಿಖರಗಳು ದಾರಿಯುದ್ದಕ್ಕೂ ಜೊತೆಗಿರುತ್ತವೆ. ಹೀಗೆ ಕಷ್ಟವೇ ಇಲ್ಲದೆ ಇಷ್ಟು ದೊಡ್ಡ ನೋಟ ಸಿಗುವ ಜಾಗ ಕಡಿಮೆ. ಜನ ಜಾಸ್ತಿ, ಅದು ನಿಜ. ನಡೆಯುವುದಕ್ಕೇ ಬಂದವರಿಗೆ ಇದು ಸಾಲುವುದಿಲ್ಲ, ಮೈ ಬಿಸಿಯಾಗುವಷ್ಟರಲ್ಲಿ ಸ್ಟೇಷನ್ ಬಂದಿರುತ್ತದೆ.

ಐಗರ್ ಟ್ರೇಲ್ ಬೇರೆಯೇ ಅನುಭವ. ಈ ದಾರಿ ತೆರೆದದ್ದು 1997ರಲ್ಲಿ. 2020ರ ಡಿಸೆಂಬರ್‌ನಲ್ಲಿ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರು ಶುರುವಾದ ಮೇಲೆ ಗ್ರಿಂಡೆಲ್‌ವಾಲ್ಡ್‌ನಿಂದ ಹದಿನೈದೇ ನಿಮಿಷದಲ್ಲಿ ಐಗರ್‌ಗ್ಲೆಚರ್ ಸ್ಟೇಷನ್ ತಲುಪಬಹುದು. ಕೇಬಲ್ ಕಾರಿನಲ್ಲಿ ಕೂತ ಬಹುಪಾಲು ಜನ ಯುಂಗ್‌ಫ್ರಾವ್‌ಯೋಖ್ ರೈಲಿನ ಕಡೆ ತಿರುಗುತ್ತಾರೆ. ನೀವು ಹೊರಗೆ ಬಂದು ಎಡಕ್ಕೆ ನಡೆದರೆ ಐದು ನಿಮಿಷದಲ್ಲಿ ಗದ್ದಲವೆಲ್ಲ ಹಿಂದೆ ಉಳಿಯುತ್ತದೆ. 2320 ಮೀಟರ್‌ನಿಂದ 1616 ಮೀಟರ್‌ನ ಆಲ್ಪಿಗ್ಲೆನ್‌ಗೆ ಸುಮಾರು ಆರು ಕಿಲೋಮೀಟರ್, ಎರಡರಿಂದ ಎರಡೂವರೆ ಗಂಟೆ. ಹೆಚ್ಚೂಕಮ್ಮಿ ಪೂರ್ತಿ ಇಳಿಯುವುದೇ.

ಬಲಗಡೆಗೆ ಉತ್ತರದ ಗೋಡೆ. ಸುಮಾರು 1800 ಮೀಟರ್ ಎತ್ತರ. 1936ರಲ್ಲಿ ನಾಲ್ವರು ಹತ್ತಲು ಹೋಗಿ ಇದೇ ಗೋಡೆಯಲ್ಲಿ ಪ್ರಾಣ ಬಿಟ್ಟರು. 1938ರ ಜುಲೈನಲ್ಲಿ ಹೆಕ್‌ಮೈರ್, ಫೋರ್ಗ್, ಹಾರರ್, ಕಾಸ್ಪಾರೆಕ್ ಮೊದಲ ಬಾರಿಗೆ ಹತ್ತಿ ಮುಗಿಸಿದರು. ಆ ಕಥೆ ಗೊತ್ತಿದ್ದು ಅದರ ಬುಡದಲ್ಲಿ ನಡೆಯುವಾಗ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಬೆಳಗ್ಗೆ ಹೋದರೆ ಪೂರ್ತಿ ನೆರಳು, ಜುಲೈನಲ್ಲೂ ಜಾಕೆಟ್ ಬೇಕು. ಎಲ್ಲೋ ಮೇಲಿನಿಂದ ಕಲ್ಲೊಂದು ಕಳಚಿಕೊಳ್ಳುತ್ತದೆ. ಮೊದಲು ಟಕ್ ಅಂತ ಒಂದು ಸದ್ದು, ಆಮೇಲೆ ಒಂದಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಜಲ್ಲಿ ಸುರಿದ ಹಾಗೆ ಸರಸರ. ಕಣ್ಣಿಗೆ ಏನೂ ಕಾಣುವುದಿಲ್ಲ. ಅದಕ್ಕೇ ಬುತ್ತಿ ಬಿಚ್ಚುವಾಗ ಬಂಡೆಗೆ ಆತುಕೊಂಡು ಕೂರಬೇಡಿ, ಹುಲ್ಲಿನ ಕಡೆ ಬನ್ನಿ.

ಕೊರತೆ ಏನೆಂದರೆ, ಇಲ್ಲಿ ಐಗರ್ ಕಾಣುವುದಿಲ್ಲ. ಬುಡದಲ್ಲಿ ನಿಂತು ತಲೆ ಎತ್ತಿದರೆ ಕಾಣುವುದು ಬಂಡೆ ಮಾತ್ರ. ಎತ್ತರವೆಲ್ಲ ಮುದುಡಿಕೊಂಡಂತೆ ಕಾಣುತ್ತದೆ, ಶಿಖರ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಏಳುನೂರು ಮೀಟರ್ ಇಳಿಯುವುದು ಮಂಡಿಗೂ ಹಗುರವಲ್ಲ, ಕೋಲು ಇದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ಗೋಡೆಗೆ ಬಿಸಿಲು ಬೀಳುವುದು ಸಂಜೆಯ ಕಡೆಗೆ. ಫೋಟೋ ಬೇಕಿದ್ದವರು ತಡವಾಗಿ ಹೊರಡಬೇಕು.

ಇನ್ನು ನನ್ನ ದಾರಿ. ಇಂಟರ್‌ಲಾಕನ್ ಓಸ್ಟ್‌ನಿಂದ ಗ್ರಿಂಡೆಲ್‌ವಾಲ್ಡ್ ಕಡೆಗೆ ಹೋಗುವ ರೈಲು ಹತ್ತಿ ಮೊದಲ ಸ್ಟೇಷನ್ ವಿಲ್ಡರ್ಸ್‌ವಿಲ್‌ನಲ್ಲೇ ಇಳಿದುಬಿಡಿ. ಅಲ್ಲಿಂದ 1893ರಲ್ಲಿ ಶುರುವಾದ ಹಲ್ಲುಚಕ್ರದ ರೈಲು ಐವತ್ತೆರಡು ನಿಮಿಷ ತೆಗೆದುಕೊಂಡು ಶೀನಿಗೆ ಪ್ಲಾಟ್ಟೆಗೆ ಹತ್ತಿಸುತ್ತದೆ. ಮರದ ಬೆಂಚು, ತೆರೆದ ಬದಿ, ಅವಸರವೇ ಇಲ್ಲದ ವೇಗ. ರೈಲು ಇಳಿಯುವ ಜಾಗವೇ 1967 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ನಡಿಗೆ ಶುರುವಾಗುವುದೇ ಅಲ್ಲಿಂದ. ಫಿರ್ಸ್ಟ್‌ವರೆಗೆ ಹತ್ತಿರ ಹತ್ತಿರ ಹದಿನಾರು ಕಿಲೋಮೀಟರ್. ಹಳದಿ ಫಲಕಗಳಲ್ಲಿ ದೂರ ಬರೆದಿರುವುದಿಲ್ಲ, ಗಂಟೆ ಬರೆದಿರುತ್ತದೆ, ಅದೂ ಎಲ್ಲೂ ಕೂರದೆ ನಡೆದರೆ ಆಗುವ ಗಂಟೆ. ಆರು ಗಂಟೆ ಅಂತ ಇದ್ದರೆ ಊಟ, ಫೋಟೋ ಸೇರಿ ಎಂಟು ಅಂತ ಇಟ್ಟುಕೊಳ್ಳಿ. ಬಂಡೆಗಳ ಮೇಲಿನ ಬಿಳಿ-ಕೆಂಪು-ಬಿಳಿ ಪಟ್ಟಿ ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ.

ಮೊದಲ ಭಾಗ ಹುಲ್ಲುಗಾವಲು. ಹಸುಗಳ ಗಂಟೆ, ಬಿಲದ ಬಾಯಲ್ಲಿ ನಿಂತು ಸೀಟಿ ಹೊಡೆಯುವ ಮಾರ್ಮಟ್, ಕಾಲಡಿಯಲ್ಲಿ ಕಡುನೀಲಿ ಜೆನ್ಶಿಯನ್ ಹೂವು. ಏಣಿನ, ಅಂದರೆ ಬೆಟ್ಟದ ಬೆನ್ನಿನ, ಅಂಚಿಗೆ ಹೋಗಿ ಬಗ್ಗಿದರೆ ಎಡಕ್ಕೆ ಬ್ರಿಯೆನ್ಜ್ ಕೆರೆ, ಬಲಕ್ಕೆ ಆ ಮೂರು ಹಿಮಶಿಖರಗಳು. ಸೇಗಿಸ್ಟಾಲ್ ಕಣಿವೆಗೆ ಹೊಕ್ಕ ಮೇಲೆ ಶಿಖರಗಳು ಮರೆಯಾಗುತ್ತವೆ, ಪೂರ್ತಿ ಕಲ್ಲಿನ ರಾಜ್ಯ. ಕಷ್ಟದ ಜಾಗ ಇದೇ. ಇಲ್ಲಿನ ಸುಣ್ಣದಕಲ್ಲಿನ ಮೆಟ್ಟಿಲುಗಳು ಬೂಟಿನಿಂದ ಉಜ್ಜಿ ಉಜ್ಜಿ ನುಣುಪಾಗಿವೆ, ನಡುವೆ ಬೆರಳಗಲದ ಸೀಳುಗಳು. ಒಣಗಿದ್ದಾಗ ತೊಂದರೆ ಇಲ್ಲ. ಮಳೆ ಬಿದ್ದರೆ ಎಣ್ಣೆ ಸವರಿದ ಹಾಗೆ. ಕೈ ಖಾಲಿ ಇರಲಿ, ಪಾದ ಪೂರ್ತಿ ಊರಿ ನಡೆಯಿರಿ. ಕುಮಾರ ಪರ್ವತ ಹತ್ತಿ ಅಭ್ಯಾಸ ಇದ್ದವರಿಗೆ ಉಸಿರಿನ ಕಷ್ಟ ಏನೂ ಆಗುವುದಿಲ್ಲ, ಜಿಗಣೆ ಕಾಟವಂತೂ ಇಲ್ಲವೇ ಇಲ್ಲ. ಆದರೆ ಮರದ ನೆರಳೂ ಇಲ್ಲ. ದಾರಿಯಲ್ಲಿ ನೀರು ಸಿಗುವುದು ಅಪರೂಪ, ತಲೆಗೆ ಎರಡು ಲೀಟರ್ ಬೇಕೇ ಬೇಕು. ಎರಡು ಬಂಡೆಗಳ ಸಂದಿನಲ್ಲಿ ಸಿಕ್ಕಿಸಿಟ್ಟಂತಿರುವ ಮೆಂಡ್ಲೆನೆನ್ ಗುಡಿಸಲಿನಲ್ಲಿ ಬಿಸಿ ಸೂಪ್ ಸಿಗುತ್ತದೆ. ನಾವು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗುತ್ತೇವೆ.

ಅಲ್ಲಿಂದ ಮೇಲೆ ಏಣಿನ ಮೇಲೇ ದಾರಿ. ಶಿಖರಗಳು ಒಂದೊಂದಾಗಿ ಮತ್ತೆ ಬರುತ್ತವೆ. 2681 ಮೀಟರ್‌ನ ಫೌಲ್‌ಹಾರ್ನ್ ತುದಿಯಲ್ಲಿ 1830ರ ದಶಕದಿಂದ ಇರುವ ಹೋಟೆಲ್ ಇದೆ, ಆಲ್ಪ್ಸ್‌ನ ಅತಿ ಹಳೆಯ ಬೆಟ್ಟದ ಹೋಟೆಲುಗಳಲ್ಲಿ ಒಂದು. ಮೆತ್ತಗಿನ ಹಾಸಿಗೆ, ಬಿಸಿನೀರಿನ ಸ್ನಾನ ಬೇಕು ಅನ್ನುವವರು ಇಲ್ಲಿಗೆ ಬರಬಾರದು. ಬೇಸಿಗೆಯ ಶನಿವಾರಕ್ಕೆ ಜಾಗ ಬೇಗ ತುಂಬುತ್ತದೆ, ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು.

ಇಷ್ಟೆಲ್ಲ ಮಾಡಿ ಅಲ್ಲಿ ಉಳಿಯುವುದು ಯಾಕೆ ಅಂದರೆ, ಸಂಜೆ ನಾಲ್ಕರ ಹೊತ್ತಿಗೆ ಹಗಲಿನ ಜನ ಫಿರ್ಸ್ಟ್‌ನ ಗೊಂಡೋಲ ಹಿಡಿಯಲು ಇಳಿದುಹೋಗುತ್ತಾರೆ. ಉಳಿದವರು ಹೋಟೆಲಿನ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ಹಳದಿ ಕೊಕ್ಕಿನ ಕಪ್ಪು ಹಕ್ಕಿಗಳು ಬ್ರೆಡ್ಡಿನ ಚೂರಿಗೆ ಸುತ್ತ ಹಾರುತ್ತಿರುತ್ತವೆ. ಎದುರಿಗೆ 3967 ಮೀಟರ್‌ನ ಐಗರ್ ಪೂರ್ತಿಯಾಗಿ ನಿಂತಿರುತ್ತದೆ: ಎಡಕ್ಕೆ ಚೂಪಾದ ಏಣು, ನಡುವೆ ಗೋಡೆ, ಬಲಕ್ಕೆ ಇಳಿಯುವ ಬೆನ್ನು. ಐಗರ್ ಟ್ರೇಲ್ ಎಲ್ಲಿ ಸಾಗುತ್ತದೆ ಅಂತ ಬುಡದಲ್ಲಿ ಬೆರಳಿಟ್ಟು ತೋರಿಸಬಹುದು. ಆ ಗೋಡೆ ಎಷ್ಟು ದೊಡ್ಡದು ಅನ್ನುವುದು ನನಗೆ ಅರ್ಥವಾದದ್ದು ಇಲ್ಲಿ, ಅದರ ಬುಡದಲ್ಲಿ ಅಲ್ಲ. ಅದರ ಎಡಕ್ಕೆ ಬರ್ನ್ ಆಲ್ಪ್ಸ್‌ನ ಅತಿ ಎತ್ತರದ ಫಿನ್‌ಸ್ಟೆರಾರ್‌ಹಾರ್ನ್, 4274 ಮೀಟರ್.

ಭಾನುವಾರ ಬೇಗ ಎದ್ದು ಇಳಿಯಿರಿ. 2265 ಮೀಟರ್‌ನಲ್ಲಿರುವ ಬಾಖಾಲ್ಪ್‌ಸೇ ಕೆರೆ ಈ ಭಾಗದಲ್ಲಿ ತುಂಬ ಹೆಸರುವಾಸಿ, ಫಿರ್ಸ್ಟ್‌ನಿಂದ ಒಂದು ಗಂಟೆಯೊಳಗಿನ ಸುಲಭ ನಡಿಗೆ. ಹಾಗಾಗಿ ಹತ್ತು ಗಂಟೆಯ ಮೇಲೆ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಮೇಲಿನಿಂದ ಇಳಿದು ಬಂದವರಿಗೆ ಮಾತ್ರ ಅದು ಖಾಲಿಯಾಗಿ, ಗಾಳಿ ಏಳುವ ಮೊದಲು ಶಿಖರಗಳ ಪ್ರತಿಬಿಂಬ ಹೊತ್ತು ಸಿಗುತ್ತದೆ. ಒಂದೇ ದಿನದಲ್ಲಿ ಪೂರ್ತಿ ದಾರಿ ಮುಗಿಸುವವರಿಗೆ ಈ ಎರಡೂ ತಪ್ಪುತ್ತವೆ, ಸಂಜೆಯ ಐಗರೂ, ಬೆಳಗಿನ ಕೆರೆಯೂ.

ಖರ್ಚಿನ ವಿಷಯದಲ್ಲಿ ಮೂರಕ್ಕೂ ಅರ್ಧ ದರದ ಕಾರ್ಡ್ ನಡೆಯುತ್ತದೆ, ಅದಿಲ್ಲದೆ ಹೊರಡಬೇಡಿ. ಕಾಲದ ವಿಷಯದಲ್ಲಿ ವ್ಯತ್ಯಾಸ ಜಾಸ್ತಿ. ಶೀನಿಗೆ ಪ್ಲಾಟ್ಟೆ ರೈಲು ಓಡುವುದೇ ಜೂನ್ ಮಧ್ಯದಿಂದ. ಫೌಲ್‌ಹಾರ್ನ್ ಸುತ್ತ ಜುಲೈ ಮೊದಲ ವಾರದಲ್ಲೂ ಹಿಮದ ಹಾಸು ಉಳಿದಿರಬಹುದು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಗುಡುಗು ಸಹಿತ ಮಳೆ ಮಾಮೂಲು, ಆ ಏಣಿನ ಮೇಲೆ ಗುಡಿಸಲು ಬಿಟ್ಟರೆ ಬೇರೆ ಆಸರೆ ಇಲ್ಲ. ಹವಾಮಾನ ವರದಿಯಲ್ಲಿ ಮಿಂಚಿನ ಗುರುತು ಕಂಡರೆ ನಾನು ಫೌಲ್‌ಹಾರ್ನ್ ಕೈಬಿಡುತ್ತೇನೆ. ಬೆಳಗ್ಗೆಯೇ ಹೊರಟು ಮೆನ್‌ಲಿಖನ್ ದಾರಿ ಮುಗಿಸಿ ಮಧ್ಯಾಹ್ನಕ್ಕೆ ಕೆಳಗೆ ಬಂದುಬಿಡುವುದು ಸರಿ. ಬೆಟ್ಟದಲ್ಲಿ ಅಪಾಯವಾದರೆ ರೇಗಾ ರಕ್ಷಣಾ ಹೆಲಿಕಾಪ್ಟರ್‌ನವರ ನಂಬರ್ 1414, ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಕೆಲವರು ಫಿರ್ಸ್ಟ್‌ನಿಂದ ಶುರುಮಾಡಿ ಉಲ್ಟಾ ನಡೆಯುತ್ತಾರೆ, ಹತ್ತುವುದು ಕಡಿಮೆ ಅಂತ. ನಾನು ಬೇಡ ಅನ್ನುತ್ತೇನೆ. ಶೀನಿಗೆ ಪ್ಲಾಟ್ಟೆಯಲ್ಲಿ ಕೊನೆಯ ರೈಲು ತಪ್ಪಿದರೆ ವಿಲ್ಡರ್ಸ್‌ವಿಲ್‌ವರೆಗೆ 1400 ಮೀಟರ್‌ನಷ್ಟು ಇಳಿಯಬೇಕು, ಅದೂ ಆರು ಗಂಟೆ ನಡೆದ ಕಾಲಿನಲ್ಲಿ. ಫಿರ್ಸ್ಟ್ ಕಡೆ ಹೋದರೆ ಗೊಂಡೋಲ ಬಿಟ್ಟೂಬಿಡದೆ ಬರುತ್ತಿರುತ್ತದೆ, ಸಮಯಕ್ಕೆ ಕಟ್ಟುಬಿದ್ದು ಓಡಬೇಕಾಗಿಲ್ಲ. ಅದರ ಕೊನೆಯ ಸಮಯವೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡಿಕೊಳ್ಳಿ.