ದೊಡ್ಡಕ್ಷರದ ಕನ್ನಡ ಸತ್ಯವೇದ: ಕಷ್ಟಕಾಲದ ನಿತ್ಯ ಓದಿಗೆ ಹೇಗಿದೆ?

ವಯಸ್ಸಾದವರಿರುವ ಮನೆಯಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ತಪ್ಪದೆ ನಡೆಯಬೇಕೆಂದರೆ ದೊಡ್ಡಕ್ಷರದ ಸತ್ಯವೇದಕ್ಕೆ, ಅಂದರೆ ಬೈಬಲಿಗೆ, ಕೊಡುವ ಹಣ ದಂಡವಲ್ಲ. ಅಪ್ಪನಿಗೆ ಪಾರ್ಶ್ವವಾಯುವಾದ ಮೇಲೆ ನಾವು ಕೊಂಡ ಪ್ರತಿಯಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಮುದ್ರಣಗೊಂಡಿರುವುದರಿಂದ, ಅಮ್ಮ ಮಂಚದ ಪಕ್ಕದ ಮಂದ ಬೆಳಕಿನಲ್ಲೂ ತಡವರಿಸದೆ ಓದುತ್ತಾರೆ. ಭಾರ ಮಾತ್ರ ಹೆಚ್ಚು. ತೊಡೆಯ ಮೇಲೆ ದಿಂಬಿಟ್ಟುಕೊಳ್ಳದೆ ಆಗುವುದಿಲ್ಲ. ಗುರುತಿನ ದಾರ ಒಂದೇ ಇರುವುದರಿಂದ ಎರಡನೆಯದರ ಕೆಲಸವನ್ನು ಔಷಧಿ ಅಂಗಡಿಯ ಚೀಟಿ ಮಾಡುತ್ತಿದೆ.

ಕೊನೆಯ ಪುಟದಲ್ಲಿ ವರ್ಷದ ಓದಿನ ಪಟ್ಟಿಯಿದೆ. 66 ಪುಸ್ತಕಗಳ 1,189 ಅಧ್ಯಾಯಗಳನ್ನು 365 ದಿನಗಳಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಓದಬೇಕು. ರೋಗಿಯ ಆರೈಕೆಯಲ್ಲಿರುವ ಮನೆಗೆ ಇದು ಹೊರೆ, ಬಲಿ, ಶುದ್ಧಾಚಾರಗಳ ವಿಧಿಗಳೇ ತುಂಬಿರುವ ಮೂರನೆಯ ಪುಸ್ತಕ ಯಾಜಕಕಾಂಡ ತಲಪುವಷ್ಟರಲ್ಲಿ ಉತ್ಸಾಹ ಉಡುಗುತ್ತದೆ. ಅದರ ಬದಲು ಸತ್ಯವೇದದ ಪ್ರಾರ್ಥನಾಗೀತೆಗಳ ಪುಸ್ತಕವಾದ ಕೀರ್ತನೆಗಳನ್ನು ಹಿಡಿಯುವುದು ಒಳಿತು. 119ನೆಯ ಕೀರ್ತನೆಯ 176 ವಚನಗಳು ಎಂಟೆಂಟರ 22 ಭಾಗಗಳಾಗಿರುವುದರಿಂದ ದಿನಕ್ಕೊಂದು ಭಾಗ ಸಲೀಸಾಗಿ ಸಾಗುತ್ತದೆ. ಆರೇ ವಚನಗಳ 13ನೆಯ ಕೀರ್ತನೆ ‘ಎಷ್ಟರವರೆಗೆ’ ಎಂದು ದೇವರನ್ನೇ ಮತ್ತೆ ಮತ್ತೆ ಕೇಳುತ್ತದೆ. ಅದನ್ನು ಓದಿದ ದಿನ ನಮ್ಮ ಪ್ರಾರ್ಥನೆಯಲ್ಲಿ ಕಲಿತ ಮಾತುಗಳು ಕಡಿಮೆ, ಸ್ವಂತ ಮಾತುಗಳು ಹೆಚ್ಚು. ಕತ್ತಲೆಯಲ್ಲೇ ಮುಗಿಯುವ 88ನೆಯದನ್ನು ಕೆಲವು ಹಿರಿಯರು ದಾಟಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಅದನ್ನು ಬಿಡಬಾರದು.

ಕಣ್ಣು ಚುರುಕಾಗಿರುವ ಕಿರಿಯರಿಗೆ ಮೊಬೈಲಿನ ಉಚಿತ ಆ್ಯಪ್ ಸಾಕು. ಪುಸ್ತಕವನ್ನೇ ಕೊಳ್ಳುವವರು ಅಂಟಿನ ಬೈಂಡಿಂಗ್ ಬಿಟ್ಟು ಹೊಲಿಗೆಯದನ್ನೇ ಕೇಳಿ ಪಡೆಯಬೇಕು.